ಸಣ್ಣ ಸದ್ದು, ದೊಡ್ಡ ಸದ್ದು

ಬುರುಲ್ ಕೂತಲ್ಲಿ ಕೂರುವ ಹೆಂಗಸಲ್ಲ. ಬಿಷ್ಕೆಕ್ಕಿನ ಹೊರವಲಯದ ಆ ಮಾನಸಿಕ ಆಸ್ಪತ್ರೆಯ ಹಿಂದಿರುವ ಸಂಶೋಧನಾ ಕಟ್ಟಡದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದರೂ ಅವಳು ಕುರ್ಚಿಗೆ ಬೆನ್ನು ಆನಿಸಿದ್ದನ್ನು ಕಂಡವರಿಲ್ಲ. ಚಹಾ ಕುಡಿಯುವುದೂ ನಿಂತೇ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತ ಬಟ್ಟಲು ಖಾಲಿ ಮಾಡುತ್ತಿದ್ದಳು. ಎಲ್ಲೋ ನಲ್ಲಿ ತೊಟ್ಟಿಕ್ಕಿದರೆ ಹೋಗಿ ತಿರುಗಿಸಿ ಬರುವಳು. ಪಕ್ಕದ ಕೋಣೆಯಲ್ಲಿ ಯಾರೋ ಪೆನ್ನು ಕಟಕಟ ಅನ್ನಿಸಿದರೆ ಮಾತು ನಿಲ್ಲಿಸಿ ಆ ಗೋಡೆಯನ್ನೇ ನೋಡುವಳು. ಐವತ್ತೊಂದು ವಯಸ್ಸಿಗೆ ಅವಳ ಚಪ್ಪಲಿಯ ಹಿಮ್ಮಡಿ ಸವೆದಷ್ಟು ಇಡೀ ಕಟ್ಟಡದಲ್ಲಿ ಇನ್ಯಾರದೂ ಸವೆದಿರಲಿಲ್ಲ.

ಬೆಳಗ್ಗೆ ನೆಲಮಾಳಿಗೆಯ ಇಲಿಗಳು, ಮಧ್ಯಾಹ್ನ ಮೇಲಿನ ಕೋಣೆಯ ಮನುಷ್ಯರು: ಇದು ಅವಳ ದಿನ. ಎರಡೂ ಕಡೆ ಮಾಡುವುದು ಒಂದೇ ಕೆಲಸ. ಇಲಿಯನ್ನು ಸಣ್ಣದೊಂದು ಪೆಟ್ಟಿಗೆಯಲ್ಲಿ ಕೂರಿಸುತ್ತಾಳೆ. ಪೆಟ್ಟಿಗೆಯ ತಳದಲ್ಲಿ ಒದೆತದ ಬಲವನ್ನು ಅಳೆಯುವ ತಟ್ಟೆಯಿದೆ. ಇದ್ದಕ್ಕಿದ್ದಂತೆ ಪಟಾಕಿ ಸಿಡಿದಂಥ ದೊಡ್ಡ ಸದ್ದು ಬರುತ್ತದೆ, ಇಲಿ ಬೆಚ್ಚಿ ಕುಪ್ಪಳಿಸುತ್ತದೆ, ತಟ್ಟೆ ಅದನ್ನು ಅಳೆದುಕೊಳ್ಳುತ್ತದೆ. ಇನ್ನೊಂದು ಸಲ, ದೊಡ್ಡ ಸದ್ದಿಗೆ ಕಣ್ಣೆವೆ ಮಿಟುಕುವಷ್ಟು ಮೊದಲು ಸಣ್ಣದೊಂದು ಸದ್ದು. ಆ ಸಣ್ಣ ಸದ್ದನ್ನು ಕೇಳಿದ ಜೀವ ತನಗೇ ತಿಳಿಯದಂತೆ ಮೈಯನ್ನು ಬಿಗಿಹಿಡಿಯುತ್ತದೆ, ಹಿಂದೆಯೇ ಬರುವ ದೊಡ್ಡದಕ್ಕೆ ಅರ್ಧದಷ್ಟೂ ಬೆಚ್ಚುವುದಿಲ್ಲ. ಮನುಷ್ಯರಿಗೂ ಹಾಗೆಯೇ. ಕಿವಿಗೆ ಹೆಡ್‌ಫೋನು, ಕಣ್ಣಿನ ಕೆಳಗೆ ಅಂಟಿಸುವ ಎರಡು ಪುಟ್ಟ ಬಿಲ್ಲೆ. ಕುಪ್ಪಳಿಸುವುದರ ಬದಲು ರೆಪ್ಪೆ ಎಷ್ಟು ಬಲವಾಗಿ ಮುಚ್ಚಿಕೊಂಡಿತು ಎಂಬುದರ ಲೆಕ್ಕ. ಸ್ಕಿಜೋಫ್ರೇನಿಯಾ ಇರುವ ಬಹಳಷ್ಟು ಮಂದಿಗೆ ಆ ಸಣ್ಣ ಸದ್ದಿನ ಮುನ್ಸೂಚನೆ ಸರಿಯಾಗಿ ತಾಕುವುದಿಲ್ಲ. ಹೊರಗಿನದೆಲ್ಲ ತಡೆಯಿಲ್ಲದೆ ಒಳಗೆ ನುಗ್ಗುತ್ತದೆ.

ಇಲಿಯನ್ನು ಹಿಡಿಯುವುದರಲ್ಲಿ ಬುರುಲಳ ಕೈ ಬೇರೆಯವರಿಗೆ ಬರುವಂಥದಲ್ಲ. ಬಾಲ ಎಳೆಯುತ್ತಿರಲಿಲ್ಲ, ಕತ್ತು ಅದುಮುತ್ತಿರಲಿಲ್ಲ. ಅಂಗೈ ಚಾಚಿ ಕಾಯುತ್ತಿದ್ದಳು, ಇಲಿ ತಾನಾಗಿ ಹತ್ತುತ್ತಿತ್ತು. ರೋಗಿಗಳೂ ಅಷ್ಟೆ. ಡಾಕ್ಟರರ ಮುಂದೆ ತಲೆಯನ್ನೇ ಎತ್ತದವನು ಬುರುಲ್ ಬಿಲ್ಲೆ ಅಂಟಿಸಲು ಬಂದರೆ ತಾನೇ ಮುಖ ಮುಂದೆ ಚಾಚುತ್ತಿದ್ದ. "ಎಜೆ, ಇವತ್ತು ಜೋರಾಗಿ ಹೊಡೀಬೇಡಿ," ಅನ್ನುತ್ತಿದ್ದ. ಅಕ್ಕ ಎಂದು ಕರೆಸಿಕೊಂಡವಳು, "ಹೊಡೆಯೋದು ನಾನಲ್ಲಪ್ಪ, ಆ ಡಬ್ಬಿ. ಬೈಯೋದಿದ್ರೆ ಅದನ್ನೇ ಬೈ," ಎಂದು ನಗಿಸುತ್ತಿದ್ದಳು.

ಈ ಕೈ ಅವಳಿಗೆ ಎಲ್ಲಿಂದ ಬಂತು ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ.

ಬುರುಲಳಿಗೆ ಒಬ್ಬ ತಮ್ಮನಿದ್ದ, ಜಾಪರ್. ಆರು ವರ್ಷ ಚಿಕ್ಕವನು. ಹತ್ತೊಂಬತ್ತಕ್ಕೆ ಕಾಲೇಜಿನಿಂದ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಹಾಲು ಕಾಯಿಸುವ ಸದ್ದು, ಕುರಿಗಳ ಗೊರಸಿನ ಸದ್ದು, ಪಕ್ಕದ ಮನೆಯ ಕೆಮ್ಮು, ಎಲ್ಲವೂ ತನಗೆ ಏನನ್ನೋ ಹೇಳುತ್ತಿವೆ ಎನ್ನುತ್ತಿದ್ದ. ತಾಯಿ ಮೊದಲು ಮುಲ್ಲಾನ ಹತ್ತಿರ, ಆಮೇಲೆ ಮಂತ್ರ ಹಾಕುವ ಮುದುಕಿಯ ಹತ್ತಿರ, ಕೊನೆಗೆ ನರಿನ್ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದಳು. ಔಷಧಿ ಶುರುವಾದ ಮೇಲೆ ಅವನು ಸ್ವಲ್ಪ ಸುಮ್ಮನಾದ. ಆದರೆ ಅವರ ಊರು ಕೊಚ್ಕೊರ್‌ನ ಬೀದಿಯ ಮಕ್ಕಳು ಕಲ್ಲೆಸೆಯುತ್ತ "ಜಿಂದಿ, ಜಿಂದಿ," ಎಂದು ಕೂಗುವುದು ನಿಲ್ಲಲಿಲ್ಲ. ಜಿಂದಿ ಎಂದರೆ ಹುಚ್ಚ. ತಾಯಿ ಸತ್ತಾಗ ಬುರುಲಳ ಮಗಳು ಬೇಗಿಮಾಯ್‌ಗೆ ಎರಡು ವರ್ಷ, ಗಂಡ ಆಗಲೇ ರಷ್ಯಾಕ್ಕೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ತಾಯಿಯ ತಮ್ಮ ಮುಕಾಶ್, "ನನ್ನ ಕುರಿದೊಡ್ಡಿ ಹತ್ರ ಇರ್ಲಿ ಬಿಡು, ಅಲ್ಲಿ ಯಾರ ಸದ್ದೂ ಇಲ್ಲ," ಎಂದ. ಬುರುಲ್ ಒಪ್ಪಿದಳು. ಬೆಟ್ಟದ ಬುಡದ ದೊಡ್ಡಿಯ ಪಕ್ಕದಲ್ಲಿ ಒಂದು ಮಣ್ಣಿನ ಕೋಣೆ. ಮುಕಾಶನ ಮನೆಯಿಂದ ಅರ್ಧ ಗಂಟೆಯ ನಡಿಗೆ.

ಅವಳು ತಿಂಗಳಿಗೊಮ್ಮೆ ಔಷಧಿಯ ಪೊಟ್ಟಣವನ್ನು ಕೊಚ್ಕೊರ್‌ಗೆ ಹೋಗುವ ವ್ಯಾನಿನ ಚಾಲಕನ ಕೈಗೆ ಕೊಡುತ್ತಿದ್ದಳು, ವರ್ಷಕ್ಕೊಮ್ಮೆ ತಾನೇ ಹೋಗುತ್ತಿದ್ದಳು. ಯಾರಾದರೂ ಕೇಳಿದರೆ, "ತಮ್ಮ ರಷ್ಯಾದಲ್ಲಿದ್ದಾನೆ, ಕಟ್ಟಡದ ಕೆಲ್ಸ," ಎನ್ನುತ್ತಿದ್ದಳು. ಮಗಳಿಗೂ ಅದನ್ನೇ ಹೇಳಿದ್ದಳು. ಆ ದೇಶದಲ್ಲಿ ರಷ್ಯಾದಲ್ಲಿರುವ ತಮ್ಮನ ಬಗ್ಗೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ, ಪ್ರತಿ ಮನೆಯಲ್ಲೂ ಒಬ್ಬನಿರುತ್ತಾನೆ.

ಹೀಗಿರುವಾಗ ಆ ವರ್ಷದ ಮಾರ್ಚಿನಲ್ಲಿ ಹೊಸ ಅಳತೆಯ ಕೆಲಸ ಶುರುವಾಯಿತು. ಅದನ್ನು ನಡೆಸುತ್ತಿದ್ದವರು ಡಾಕ್ಟರ್ ಲಾರಿಸಾ ಸೆರ್ಗೆಯೆವ್ನಾ ತ್ಸೋಯ್. ಐವತ್ತೆಂಟರ, ಕೊರಿಯನ್ ಮೂಲದ ಹೆಂಗಸು, ಮಾತು ಒಣಕಲು, ಕೆಲಸ ಶುದ್ಧ. ಮೂವತ್ತು ರೋಗಿಗಳು, ಹೋಲಿಸಿ ನೋಡಲು ಮೂವತ್ತು ಆರೋಗ್ಯವಂತರು. ಕೆಳಗೆ ಇಲಿಗಳಲ್ಲೂ ಎರಡು ಗುಂಪು. ಮೂರು ವಾರದ ಮರಿಗಳನ್ನು ತಾಯಿಯಿಂದ ಬಿಡಿಸಿ ಹನ್ನೆರಡನ್ನು ನಾಲ್ಕು ನಾಲ್ಕಾಗಿ ಒಟ್ಟಿಗೆ ಬೆಳೆಸುವುದು, ಇನ್ನು ಹನ್ನೆರಡನ್ನು ಒಂದೊಂದು ಪಂಜರದಲ್ಲಿ ಒಂದೊಂದಾಗಿ. ಒಂಟಿ ಮರಿಗೆ ಬೇರೆ ಇಲಿಗಳ ವಾಸನೆ ಬರುತ್ತದೆ, ಸದ್ದು ಕೇಳುತ್ತದೆ, ಮುಟ್ಟಲು ಮಾತ್ರ ಆಗುವುದಿಲ್ಲ. ಹಾಗೆ ಬೆಳೆದ ಇಲಿಗೆ ಸಣ್ಣ ಸದ್ದಿನ ಮುನ್ಸೂಚನೆ ತಾಕದೆ ಹೋಗುತ್ತದೆ, ರೋಗಿಗಳಿಗಾದಂತೆಯೇ.

"ಹಾಗಾದ್ರೆ ಒಂಟಿಯಾಗಿಟ್ರೆ ಇಲಿಗೆ ಹುಚ್ಚು ಹಿಡಿಯುತ್ತಾ?" ಎಂದು ಬುರುಲ್ ಮೊದಲ ದಿನವೇ ಕೇಳಿದ್ದಳು.

"ಇಲಿಗೆ ಆ ಕಾಯಿಲೆ ಬರಲ್ಲ. ಕಾಯಿಲೆಯ ಒಂದು ಚೂರು ಬರುತ್ತೆ. ಆ ಚೂರನ್ನ ಇಬ್ಬರಲ್ಲೂ ಒಂದೇ ಅಳತೆಯಲ್ಲಿ ಅಳೀಬಹುದು, ಅಷ್ಟೆ," ಎಂದಿದ್ದರು ಲಾರಿಸಾ ಸೆರ್ಗೆಯೆವ್ನಾ.

ಏಪ್ರಿಲ್‌ನಲ್ಲಿ ಆರೋಗ್ಯವಂತರಲ್ಲಿ ಒಬ್ಬ ಕಡಿಮೆಬಿದ್ದ. ಬರುತ್ತೇನೆಂದವನು ಫೋನೇ ಎತ್ತಲಿಲ್ಲ. ಯಂತ್ರ ಸಿದ್ಧವಾಗಿತ್ತು. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಬುರುಲ್, ನೀನೇ ಕೂತ್ಕೊ."

"ನಾನಾ? ಕೂತ್ಕೊಳ್ಳೋದಾ?"

"ಜೀವನದಲ್ಲಿ ಒಂದ್ಸಲ ಇಪ್ಪತ್ತು ನಿಮಿಷ ಕೂತ್ರೆ ಭೂಮಿ ಏನೂ ಬಾಯಿ ಬಿಡಲ್ಲ. ಮೊದಲು ಈ ಹಾಳೆ ತುಂಬು."

ಹಾಳೆಯ ಏಳನೆಯ ಪ್ರಶ್ನೆ: ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದೆಯೇ? ನೂರಾರು ಜನರ ಕೈಯಲ್ಲಿ ಆ ಹಾಳೆ ತುಂಬಿಸಿದ್ದ ಬುರುಲ್ ಪೆನ್ನು ನಿಲ್ಲಿಸದೆ "ಇಲ್ಲ" ಎಂದು ಬರೆದಳು.

ಪರೀಕ್ಷೆ ಮುಗಿದಾಗ ಡಾಕ್ಟರು ಪರದೆಯನ್ನು ತಮ್ಮ ಕಡೆಗೇ ತಿರುಗಿಸಿಕೊಂಡು ಅಂಕಿಗಳನ್ನು ಎರಡು ಸಲ ಓದಿದರು. ಆರೋಗ್ಯವಂತರಲ್ಲಿ ಸಣ್ಣ ಸದ್ದು ಬೆಚ್ಚುವಿಕೆಯನ್ನು ನೂರಕ್ಕೆ ಐವತ್ತು ಅರವತ್ತರಷ್ಟು ಕತ್ತರಿಸಿ ಹಾಕಿತ್ತು. ಬುರುಲಳಲ್ಲಿ ಒಂಬತ್ತು.

"ರಾತ್ರಿ ನಿದ್ದೆ ಮಾಡಿದ್ಯಾ?"

"ಮಾಡಿದ್ದೆ."

"ನಾಡಿದ್ದು ಇನ್ನೊಂದ್ಸಲ ಮಾಡೋಣ."

ಮೂರನೆಯ ದಿನ ಹನ್ನೊಂದು ಬಂತು. ಡಾಕ್ಟರು ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟರು. "ಗಾಬರಿಯಾಗ್ಬೇಡ. ಚೆನ್ನಾಗಿರೋ ಜನರಲ್ಲೂ ಹೀಗೆ ಸಿಗ್ತಾರೆ. ಇದು ಗುಂಪಿನ ಬಗ್ಗೆ ಹೇಳೋ ಮಾತು, ಒಬ್ಬರ ಬಗ್ಗೆ ಏನೂ ಹೇಳಲ್ಲ. ಏಳನೇ ಪ್ರಶ್ನೆಗೆ ಸರಿಯಾಗಿ ಬರ್ದಿದ್ದೀಯ ತಾನೆ?"

"ಬರ್ದಿದ್ದೀನಿ," ಎಂದಳು ಬುರುಲ್. ಹೇಳುವಾಗ ಅವಳು ಆಗಲೇ ಬಾಗಿಲ ಬಳಿ ಇದ್ದಳು.

ಆವತ್ತಿನಿಂದ ಅವಳಿಗೆ ಎಲ್ಲೂ ನೆಲೆ ನಿಲ್ಲದಾಯಿತು. ಮನೆಯಲ್ಲಿ ಫ್ರಿಜ್ಜಿನ ಗೊರಗೊರ ಸದ್ದಿಗೆ ಎದ್ದು ಅದರ ತಂತಿ ಕಿತ್ತಳು, ಮಾಂಸ ಕೆಟ್ಟುಹೋಯಿತು. ಬಸ್ಸಿನಲ್ಲಿ ಯಾರೋ ಬೀಜ ಕಡಿಯುವ ಸದ್ದು ತಾಳಲಾರದೆ ಎರಡು ನಿಲ್ದಾಣ ಮೊದಲೇ ಇಳಿದು ನಡೆದಳು. ಮೊದಲೂ ಹೀಗೆಯೇ ಇತ್ತೋ, ಆ ಒಂಬತ್ತು ಎಂಬ ಅಂಕಿ ಕೇಳಿದ ಮೇಲೆ ಹೀಗಾಯಿತೋ ಅವಳಿಗೆ ಗೊತ್ತಾಗಲಿಲ್ಲ. ಮನೆಯಲ್ಲಿ ಬೇರೆ ಸಂಭ್ರಮವಿತ್ತು. ಬೇಗಿಮಾಯ್‌ಗೆ ಗಂಡು ಗೊತ್ತಾಗಿತ್ತು. ನುರ್ದಿನ್ ಎಂಬ ಹುಡುಗ, ಸೇತುವೆಗಳ ಎಂಜಿನಿಯರು. ಅವನ ತಾಯಿ ದಾಮಿರಾ ಮೇ ತಿಂಗಳಲ್ಲಿ ಬಂದು ಹುಡುಗಿಯ ಕಿವಿಗೆ ಓಲೆ ತೊಡಿಸಿ ಮಾತು ಗಟ್ಟಿ ಮಾಡುವುದು ಎಂದಾಗಿತ್ತು. "ನಿಮ್ಮ ತಮ್ಮ ರಷ್ಯಾದಿಂದ ಬರ್ತಾರಾ, ಕುದಾಗಿ?" ಎಂದು ದಾಮಿರಾ ಬೀಗಿತ್ತಿಯ ಸಲುಗೆಯಲ್ಲಿ ಫೋನಿನಲ್ಲಿ ಕೇಳಿದಾಗ, "ರಜೆ ಸಿಕ್ಕಲ್ವಂತೆ," ಎಂದು ಬುರುಲ್ ಹೇಳಿದ್ದಳು.

ಎಲ್ಲಕ್ಕಿಂತ ಅವಳನ್ನು ಕಾಡಿದ್ದು ನೆಲಮಾಳಿಗೆ. ಹನ್ನೆರಡು ಒಂಟಿ ಪಂಜರಗಳ ಸಾಲಿಗೆ ಮೇವು ಹಾಕುವಾಗ ಅವಳು ಒಂದೊಂದರ ಮುಂದೆಯೂ ನಿಲ್ಲತೊಡಗಿದಳು. ಹನ್ನೊಂದನೆಯ ಇಲಿ ಪಂಜರದ ಮೂಲೆಗೆ ಬೆನ್ನೊತ್ತಿ ಪಕ್ಕದ ಪಂಜರದತ್ತ ಮೂತಿ ಚಾಚಿ ಕೂತಿರುತ್ತಿತ್ತು, ದಿನವಿಡೀ ಹಾಗೆಯೇ. ಅದನ್ನು ನೋಡಿದಾಗಲೆಲ್ಲ ಮಣ್ಣಿನ ಕೋಣೆಯ ಕಿಟಕಿಯಲ್ಲಿ ಕಂಡ ಮುಖವೊಂದು ಕಣ್ಣ ಮುಂದೆ ಬರುತ್ತಿತ್ತು. ಕಳೆದ ವರ್ಷ ವಾಪಸು ಹೊರಟಾಗ ಅವಳು ಆ ಮುಖವನ್ನು ತಿರುಗಿ ನೋಡಿರಲಿಲ್ಲ.

ಒಂದು ಶುಕ್ರವಾರ, ಹೊರಡುವ ಹೊತ್ತಿಗೆ, ಅವಳು ಹನ್ನೊಂದನೆಯದನ್ನು ಎತ್ತಿ ಹನ್ನೆರಡನೆಯದರ ಪಂಜರದೊಳಗೆ ಬಿಟ್ಟಳು.

ಎರಡೂ ಮೊದಲು ಕಲ್ಲಿನಂತೆ ನಿಂತವು. ಆಮೇಲೆ ಮೂಸಿದವು, ಎದ್ದು ನಿಂತು ಗುದ್ದಾಡಿದವು, ಒಂದು ಕೀಚ್ ಎಂದಿತು. ಬುರುಲ್ ಕೈ ಹಾಕಿ ಬಿಡಿಸಬೇಕೆನ್ನುವಷ್ಟರಲ್ಲಿ ಹನ್ನೊಂದು ನೆಲಕ್ಕೆ ಮೈ ಚೆಲ್ಲಿ ಮಲಗಿತು, ಹನ್ನೆರಡು ಅದರ ಕತ್ತಿನ ಕೂದಲು ನೆಕ್ಕತೊಡಗಿತು. ಬುರುಲ್ ಅಲ್ಲಿ ಮುಕ್ಕಾಲು ಗಂಟೆ ನಿಂತಳು, ಒಂದು ಹೆಜ್ಜೆ ಅತ್ತಿತ್ತ ಇಡದೆ.

ಸೋಮವಾರ ಡಾಕ್ಟರು ನೆಲಮಾಳಿಗೆಗೆ ಇಳಿದು ಬಂದರು. ಖಾಲಿ ಪಂಜರವನ್ನು ನೋಡಿದರು, ತುಂಬಿದ ಪಂಜರವನ್ನು ನೋಡಿದರು.

"ಯಾರು ಮಾಡಿದ್ದು?"

"ನಾನು."

"ಎರಡು ಪ್ರಾಣಿ ಲೆಕ್ಕದಿಂದ ಹೋದ್ವು. ಆರು ವಾರದ ಕೆಲ್ಸ! ಇಪ್ಪತ್ತು ವರ್ಷದಲ್ಲಿ ಒಂದು ತಪ್ಪು ಮಾಡ್ದೋಳಲ್ಲ ನೀನು. ಏನಾಗಿದೆ ನಿಂಗೆ?"

"ನೋಡಕ್ಕಾಗ್ಲಿಲ್ಲ."

"ನೋಡಕ್ಕಾಗ್ದಿದ್ರೆ ಕಣ್ಣು ಮುಚ್ಕೋಬೇಕಿತ್ತು. ಅಷ್ಟಕ್ಕೂ ಇವು ಬೆಳೆದ ಇಲಿಗಳು. ಈಗ ಜೊತೆ ಹಾಕಿದ್ರೆ ಸರಿಹೋಗುತ್ತೆ ಅನ್ಕೊಂಡ್ಯಾ? ಒಂಟಿತನ ಒಳಗೆ ಕೂತುಬಿಟ್ಟಿರುತ್ತೆ."

"ಸರಿಹೋಗ್ದಿದ್ರೆ ಬೇಡ," ಎಂದಳು ಬುರುಲ್. ಅವಳ ದನಿ ಏರಿತು. "ಜೊತೆಗಾದ್ರೂ ಇರ್ಲಿ! ಸರಿಹೋಗಲ್ಲ ಅಂತ ಒಂದು ಜೀವನ ಇಪ್ಪತ್ತೆರಡು ವರ್ಷ ಒಂದು ಕೋಣೇಲಿ ಇಟ್ಬಿಡೋದಾ?"

ಡಾಕ್ಟರು ಬೆಪ್ಪಾದರು. "ಯಾವ ಇಲೀನೂ ಇಪ್ಪತ್ತೆರಡು ವರ್ಷ ಬದುಕಲ್ಲ, ಬುರುಲ್."

ಆಗ ಬುರುಲ್ ಮೇವಿನ ಚೀಲದ ಮೇಲೆ ಕುಸಿದು ಕೂತಳು. ಅವಳು ತಾನಾಗಿ ಕೂತದ್ದನ್ನು ಲಾರಿಸಾ ಸೆರ್ಗೆಯೆವ್ನಾ ಅದೇ ಮೊದಲ ಸಲ ನೋಡಿದ್ದು. ಏಳನೆಯ ಪ್ರಶ್ನೆಗೆ ತಾನು ಬರೆದದ್ದು ಸುಳ್ಳು ಎಂದಳು. ತಮ್ಮ, ತಾಯಿ, ದೊಡ್ಡಿ, ರಷ್ಯಾ, ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕಾಲು ಕುಣಿಯುತ್ತಲೇ ಇತ್ತು.

ಡಾಕ್ಟರ ಬಾಯಿಂದ ಬಂದದ್ದು ಸಮಾಧಾನದ ಮಾತಲ್ಲ, ಕೆಲಸದ ಮಾತು. "ನಿನ್ನ ಹಾಳೇನ ಆರೋಗ್ಯವಂತರ ಗುಂಪಿಂದ ತೆಗೀತೀನಿ. ಕಾಯಿಲೆ ಇರೋರ ಅಣ್ಣ ತಮ್ಮ, ಅಕ್ಕ ತಂಗೀರಿಗೆ ಕಾಯಿಲೆ ಇಲ್ದಿದ್ರೂ ಈ ಅಳತೆ ಹೀಗೆ ಬರೋದು ಉಂಟು. ಆ ಜನ ನಮಗೆ ಬೇಕು, ಆದ್ರೆ ಯಾರೂ ಬಾಯಿ ಬಿಡಲ್ಲ. ನೀನು ಬಿಟ್ಟಿಲ್ಲ ನೋಡು, ಇಲ್ಲೇ ಕೆಲ್ಸ ಮಾಡೋಳು." ಮೆಟ್ಟಿಲು ಹತ್ತುವ ಮುಂಚೆ ತಿರುಗಿ, "ನಿನ್ನ ತಮ್ಮನನ್ನ ಕೊನೇ ಸಲ ಡಾಕ್ಟರು ನೋಡಿದ್ದು ಯಾವಾಗ?" ಎಂದು ಕೇಳಿದರು.

ಬುರುಲಳಿಗೆ ಉತ್ತರ ಗೊತ್ತಿತ್ತು. ಹದಿನೇಳು ವರ್ಷದ ಹಿಂದೆ.

ಮಾರನೆಯ ದಿನವೇ ಅವಳು ಕೊಚ್ಕೊರ್‌ಗೆ ಹೊರಟಳು. ಮುಕಾಶನ ಮನೆಯ ಮುಂದೆ ನಿಲ್ಲದೆ ನೇರವಾಗಿ ದೊಡ್ಡಿಯ ದಾರಿ ಹಿಡಿದಳು. ಹಿಮ ಕರಗಿ ನೆಲ ಕೆಸರಾಗಿತ್ತು. ಜಾಪರ್ ಬಾಗಿಲ ಮುಂದೆಯೇ ಕುಕ್ಕರಗಾಲಲ್ಲಿ ಕೂತಿದ್ದ. ಗಡ್ಡ ಬೆಳ್ಳಗಾಗಿತ್ತು, ಎರಡೂ ಕಿವಿಗೆ ಕುರಿಯ ತುಪ್ಪಳದ ಉಂಡೆ ತುರುಕಿದ್ದ. ಅವಳನ್ನು ಕಂಡು ಒಂದು ಉಂಡೆಯನ್ನು ಮಾತ್ರ ತೆಗೆದ.

"ಎಜೆ, ಇದು ನಿನ್ನ ತಿಂಗಳಲ್ವಲ್ಲ."

"ಸುಮ್ನೆ ಬಂದೆ."

"ನಾನು ರಷ್ಯಾದಲ್ಲಿದ್ದೀನಂತೆ. ಮುಕಾಶ್ ಮಾವ ಹೇಳಿದ್ರು." ಅವನು ನೆಲ ನೋಡುತ್ತ ಕೇಳಿದ, "ಏನ್ ಕೆಲ್ಸ ಮಾಡ್ತಿದ್ದೀನಿ ಅಲ್ಲಿ?"

ಬುರುಲ್ ಅವನ ಪಕ್ಕದಲ್ಲಿ ಕುಕ್ಕರಿಸಿದಳು. "ಕಟ್ಟಡದ ಕೆಲ್ಸ."

"ಎತ್ತರದ ಕಟ್ಟಡಾನಾ?"

"ಒಂಬತ್ತು ಮಹಡಿ."

"ಸದ್ಯ. ಅಷ್ಟು ಎತ್ತರಕ್ಕೆ ಯಾರ ಮಾತೂ ಕೇಳ್ಸಲ್ಲ." ಅವನ ಮೀಸೆಯಡಿ ನಗು ಬಂದುಹೋಯಿತು. ಅವನು ತಮಾಷೆ ಮಾಡುತ್ತಿದ್ದಾನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹದಿನೆಂಟು ವರ್ಷದವನಾಗಿದ್ದಾಗ ಅವನು ಮನೆಯವರನ್ನೆಲ್ಲ ಹೀಗೆಯೇ ಮುಖ ಬಿಗಿದುಕೊಂಡು ನಗಿಸುತ್ತಿದ್ದ. ಅದು ಹಾಗೆಯೇ ಉಳಿದುಕೊಂಡಿತ್ತು, ಅವಳು ವರ್ಷಕ್ಕೊಮ್ಮೆ ಎರಡು ಗಂಟೆ ಬಂದು ಹೋಗುವುದರೊಳಗೆ ಕಂಡುಕೊಂಡಿರಲಿಲ್ಲ.

ಅವಳು ಇಲಿಗಳ ಬಗ್ಗೆ ಹೇಳಿದಳು, ಸಣ್ಣ ಸದ್ದು ದೊಡ್ಡ ಸದ್ದಿನ ಬಗ್ಗೆ ಹೇಳಿದಳು. ಅವನು ತಲೆಯಾಡಿಸುತ್ತ ಕೇಳಿದ, ಅದು ತನಗೆ ಗೊತ್ತಿದ್ದ ಸಂಗತಿಯೇ ಎಂಬಂತೆ. "ನನಗೂ ಅಳೆದ್ರು," ಎಂದಳು ಕೊನೆಗೆ. "ನಂದೂ ನಿನ್ನ ಕಾಯಿಲೆಯೋರ ಥರಾನೇ ಬಂತು, ಜಾಪರ್. ನೂರಕ್ಕೆ ಒಂಬತ್ತು."

ಜಾಪರ್ ಜೋರಾಗಿ ನಕ್ಕ. ದೊಡ್ಡಿಯ ಕುರಿಗಳು ತಲೆ ಎತ್ತಿ ನೋಡುವಷ್ಟು. ನಗು ನಿಂತ ಮೇಲೆ ಅವಳ ಮುಖವನ್ನೇ ನೋಡುತ್ತ ಕೇಳಿದ: "ಹಾಗಾದ್ರೆ ನೀನ್ಯಾಕೆ ಇಲ್ಲಿಲ್ಲ?"

ಕುಹಕದಿಂದ ಕೇಳಿದ್ದಲ್ಲ ಅದು, ತಿಳಿಯಬೇಕೆಂದೇ ಕೇಳಿದ್ದ. ಬುರುಲ್ ಎದ್ದು ದೊಡ್ಡಿಯ ಸುತ್ತ ಒಂದು ಸುತ್ತು ಬಂದಳು, ಎರಡು ಸುತ್ತು ಬಂದಳು. ಮೂರನೆಯ ಸುತ್ತಿಗೆ ಅವನ ಮುಂದೆ ನಿಂತು, "ನಡಿ, ಹೋಗೋಣ," ಎಂದಳು.

"ಎಲ್ಲಿಗೆ, ರಷ್ಯಾಕ್ಕಾ?"

"ನಮ್ಮನೆಗೆ."

ಮುಕಾಶ್ ಕೂಗಾಡಿದ. ಇಷ್ಟು ವರ್ಷ ಅನ್ನ ಹಾಕಿದವನು ನಾನು, ಈಗ ಕರಕೊಂಡು ಹೋಗಿ ಊರೆಲ್ಲ ನಗೋ ಹಾಗೆ ಮಾಡ್ತೀಯಾ, ಮಗಳ ಮದುವೆ ಮಣ್ಣುಪಾಲು ಮಾಡ್ತೀಯಾ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಬುರುಲ್ ಅವನ ಕೈ ಹಿಡಿದು ಅತ್ತಳು, ಆದರೆ ಹೊರಟ ವ್ಯಾನನ್ನು ನಿಲ್ಲಿಸಲಿಲ್ಲ.

ಬೇಗಿಮಾಯ್ ಬಾಗಿಲು ತೆಗೆದಾಗ ತಾಯಿಯ ಹಿಂದೆ ಕಂಬಳಿ ಹೊದ್ದ ಗಡ್ಡದ ಗಂಡಸು ನಿಂತಿದ್ದ. "ನಿನ್ನ ಸೋದರಮಾವ," ಎಂದಳು ಬುರುಲ್. ಮಗಳು ಅವನನ್ನು ಒಳಗೆ ಕರೆದು, ರೊಟ್ಟಿ ಮುರಿದಿಟ್ಟು, ಚಹಾ ಬಗ್ಗಿಸಿ, ಚಿಕ್ಕ ಕೋಣೆಯಲ್ಲಿ ಹಾಸಿಗೆ ಹಾಸಿ ಮಲಗಿಸಿದಳು. ಆಮೇಲೆ ಅಡುಗೆಮನೆಯ ಬಾಗಿಲು ಹಾಕಿ ತಾಯಿಯ ಎದುರು ನಿಂತಳು.

"ಅವ್ರಿಗೆಲ್ಲ ಸುಳ್ಳು ಹೇಳಿದ್ದು ಬಿಡು ಅಮ್ಮಾ. ನಂಗ್ಯಾಕೆ ಹೇಳ್ದೆ? ಎಷ್ಟು ಹುಟ್ಟಿದಹಬ್ಬಕ್ಕೆ ಮಾವ ರಷ್ಯಾದಿಂದ ಕಳ್ಸಿದ್ದು ಅಂತ ಉಡುಗೊರೆ ಕೊಟ್ಟೆ! ನಾನು ಥ್ಯಾಂಕ್ಸ್ ಕಾಗದ ಬರ್ದು ಕೊಡ್ತಿದ್ದೆ. ಅವು ಎಲ್ಲಿ ಹೋದ್ವು?"

ಬುರುಲ್ ಬೀರುವಿನ ಮೇಲಿನ ತಗಡಿನ ಡಬ್ಬಿ ಇಳಿಸಿ ಕೊಟ್ಟಳು. ಹನ್ನೊಂದು ಕಾಗದಗಳಿದ್ದವು. ಬೇಗಿಮಾಯ್ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಚಿಕ್ಕ ಕೋಣೆಯ ಬಾಗಿಲ ಬಳಿ ಇಟ್ಟಳು. ಮೂರು ದಿನ ತಾಯಿಯ ಜೊತೆ ಮಾತಾಡಲಿಲ್ಲ.

ಓಲೆಯ ಶಾಸ್ತ್ರ ಆ ಭಾನುವಾರವೇ ಇತ್ತು. ಪಕ್ಕದ ಮನೆಯವಳು, "ಒಂದು ಮಧ್ಯಾಹ್ನದ ಮಟ್ಟಿಗೆ ನಿಮ್ಮ ತಮ್ಮ ನಮ್ಮನೇಲಿರ್ಲಿ ಬಿಡಿ," ಎಂದಳು. ಬುರುಲ್ ಇನ್ನೇನು ಹೂಂ ಅನ್ನುವುದರಲ್ಲಿದ್ದಳು. "ಅವ್ರು ಹೊರಗೆ ಹೋದ್ರೆ ನಾನೂ ಹೋಗ್ತೀನಿ. ಓಲೆ ನೀನೇ ಹಾಕ್ಕೊ," ಎಂದಳು ಬೇಗಿಮಾಯ್. ಮೂರು ದಿನದ ಮೇಲೆ ಅವಳು ಆಡಿದ ಮೊದಲ ಮಾತು ಅದು.

ದಾಮಿರಾ ಇಬ್ಬರು ನೆಂಟರ ಹೆಂಗಸರೊಂದಿಗೆ ಬಂದಳು. ಎತ್ತರದ ನಿಲುವು, ತಲೆಗೆ ರೇಷ್ಮೆ ವಸ್ತ್ರ, ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯ ನಡೆ. ಎಣ್ಣೆಯಲ್ಲಿ ಕರಿದ ಬೊರ್ಸೊಕ್, ಮಾಂಸ, ಒಣದ್ರಾಕ್ಷಿ, ಎಲ್ಲ ಹರಡಿ ಕೂತು ಹಾರೈಕೆಯ ಮಾತುಗಳು ನಡೆದವು. ದಾಮಿರಾ ಕೆಂಪು ಡಬ್ಬಿಯ ಮುಚ್ಚಳ ತೆರೆದಿದ್ದಳು. ಅಷ್ಟರಲ್ಲಿ ಅಡುಗೆಮನೆಯಲ್ಲಿ ದೊಡ್ಡ ಕಡಾಯಿಯ ಮುಚ್ಚಳ ಜಾರಿ ನೆಲಕ್ಕೆ ಬಿತ್ತು, ಇಡೀ ಮನೆ ಗಣಗಣ ಅಂದಿತು.

ಚಿಕ್ಕ ಕೋಣೆಯ ಬಾಗಿಲು ಹಾರಿ ತೆರೆಯಿತು. ಜಾಪರ್ ಕಂಬಳಿಯೊಂದಿಗೇ ಹೊರಗೆ ಬಂದ, ಬೆವರಿದ್ದ. "ಯಾರು ಹೊಡೆದದ್ದು? ಯಾರಿಗೆ ಹೊಡೆದ್ರು?" ಎಂದು ಎಲ್ಲರ ಕೈಗಳನ್ನೂ ನೋಡತೊಡಗಿದ. ನೆಂಟರ ಹೆಂಗಸೊಬ್ಬಳು ಗೋಡೆಗೆ ಒತ್ತಿಕೊಂಡಳು. ಬುರುಲ್ ಎದ್ದಿದ್ದಳು, ಅವಳಿಗಿಂತ ಮೊದಲೇ ಬೇಗಿಮಾಯ್ ಎದ್ದು ಹೋಗಿ ಅವನ ತೋಳು ಹಿಡಿದಿದ್ದಳು. "ಮುಚ್ಚಳ ಬಿತ್ತು ಮಾವ. ಬರೀ ಮುಚ್ಚಳ. ಬನ್ನಿ ತೋರಿಸ್ತೀನಿ."

ದಾಮಿರಾ ಡಬ್ಬಿ ಮುಚ್ಚದೆ ಬುರುಲಳನ್ನು ನೋಡಿದಳು. "ರಷ್ಯಾದಿಂದ ಯಾವಾಗ ಬಂದ್ರು?"

ಅಡುಗೆಮನೆಯ ಬಾಗಿಲಿಂದ ಜಾಪರನೇ ಹೇಳಿದ: "ನಾನು ಹೋಗೇ ಇಲ್ವಲ್ಲ."

"ಹೋಗಿಲ್ಲ," ಎಂದಳು ಬುರುಲ್. "ಇಪ್ಪತ್ತಾರು ವರ್ಷದಿಂದ ಕಾಯಿಲೆ. ಬಚ್ಚಿಟ್ಟಿದ್ದೆ. ತಪ್ಪು ನಂದು, ಮಗಳಿಗೂ ಗೊತ್ತಿರ್ಲಿಲ್ಲ."

ದಾಮಿರಾ ಕೂಗಲಿಲ್ಲ. ಅವಳು ಓದಿದ ಹೆಂಗಸು, ಮೆತ್ತಗೆ ಮಾತಾಡಿದಳು. "ನಿಮ್ಮ ಆಸ್ಪತ್ರೇಲಿ ಇದನ್ನ ಅಳೆಯೋ ಯಂತ್ರ ಇದೆ ಅಂತ ನೀವೇ ಹೇಳಿದ್ರಿ. ಬೇಗಿಮಾಯ್‌ನ ಒಂದ್ಸಲ ಕೂರ್ಸಿ ನೋಡಿ, ಕುದಾಗಿ. ಕಾಗದದ ಮೇಲೆ ಏನು ಬರುತ್ತೆ ನೋಡಿದ್ರೆ ನಮಗೂ ನೆಮ್ಮದಿ, ನಿಮಗೂ ನೆಮ್ಮದಿ."

ಕೋಣೆಯಲ್ಲಿ ಎಲ್ಲರೂ ಬುರುಲಳನ್ನು ನೋಡಿದರು. ಹೂಂ ಎನ್ನುವುದು ಎಷ್ಟು ಸುಲಭವಿತ್ತು! ನಾಳೆ ಹತ್ತು ಗಂಟೆಗೆ, ಇಪ್ಪತ್ತು ನಿಮಿಷ. ಅರವತ್ತು ಬಂದರೆ ಓಲೆ, ಒಂಬತ್ತು ಬಂದರೆ ಇಲ್ಲ.

"ಆ ಯಂತ್ರ ಅದನ್ನ ಹೇಳಲ್ಲ," ಎಂದಳು. "ಸಣ್ಣ ಸದ್ದು ತಾಕುತ್ತೋ ಇಲ್ವೋ ಹೇಳುತ್ತೆ. ನನಗೆ ತಾಕಲ್ಲ. ನಾನು ಚೆನ್ನಾಗೇ ಇದ್ದೀನಿ. ತಾಕೋ ಇಲಿ ಎಷ್ಟು ದಿನ ಬದುಕುತ್ತೆ, ತಾಕದೇ ಇರೋದು ಏನಾಗುತ್ತೆ ಅಂತ ಅದಕ್ಕೆ ಗೊತ್ತಿಲ್ಲ. ನನ್ನ ಮಗಳಿಗೆ ಆ ಬಿಲ್ಲೆ ನಾನು ಅಂಟಿಸಲ್ಲ, ಬೇರೆ ಯಾರಿಗೂ ಅಂಟ್ಸೋಕೆ ಬಿಡಲ್ಲ."

ದಾಮಿರಾ ಕೆಂಪು ಡಬ್ಬಿಯ ಮುಚ್ಚಳ ಹಾಕಿ ಚೀಲದಲ್ಲಿಟ್ಟುಕೊಂಡಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ, "ನೀವು ಮೊದಲೇ ಹೇಳಿದ್ರೆ ನಾನು ಬರ್ತಿದ್ನೋ ಇಲ್ವೋ ಗೊತ್ತಿಲ್ಲ. ಆದ್ರೆ ಮೊದಲೇ ಹೇಳ್ಬೇಕಿತ್ತು," ಎಂದಳು.

ಆ ವಾರ ಜಾಪರ್ ಆಸ್ಪತ್ರೆಗೆ ಬಂದ. ಬುರುಲಳೇ ಅವನ ಗಡ್ಡದ ಮೇಲಿನ ಚರ್ಮ ಒರೆಸಿ ಕಣ್ಣಿನ ಕೆಳಗೆ ಬಿಲ್ಲೆ ಅಂಟಿಸಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಬಿಲ್ಲೆ ಸೊಟ್ಟಗೆ ಕೂತಿತು, ಕಿತ್ತು ಮತ್ತೆ ಅಂಟಿಸಿದಳು. "ಎಜೆ, ನಿನ್ನ ಕೈ ಸದ್ದು ಮಾಡ್ತಿದೆ," ಎಂದ ಅವನು. ಅಂಕಿ ಏಳು ಬಂತು. ಅದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಲಾರಿಸಾ ಸೆರ್ಗೆಯೆವ್ನಾ ಅಂಕಿಗಿಂತ ಹೆಚ್ಚು ಹೊತ್ತು ಅವನ ಔಷಧಿಯ ಹಳೆಯ ಚೀಟಿಯನ್ನು ನೋಡಿದರು. ಹದಿನೇಳು ವರ್ಷದಿಂದ ಯಾರೂ ಬದಲಿಸದ ಗುಳಿಗೆ. ಅದನ್ನು ನಿಧಾನವಾಗಿ ಬದಲಿಸಿದರು. ಜೂನ್ ಹೊತ್ತಿಗೆ, ಹಳೆಯ ಗುಳಿಗೆಯಿಂದ ಬಂದಿದ್ದ ಜಾಪರನ ಕೈನಡುಕ ಕಡಿಮೆಯಾಯಿತು. ದನಿಗಳು ಹೋಗಲಿಲ್ಲ, ದೂರ ಸರಿದವು. ತುಪ್ಪಳದ ಉಂಡೆಗಳು ಕಿವಿಯಲ್ಲೇ ಉಳಿದವು. ಪೇಟೆಗೆ ಹೋಗಲಾರ, ಲಿಫ್ಟ್ ಹತ್ತಲಾರ, ಐದು ಮಹಡಿ ನಡೆದೇ ಇಳಿದು ಬೆಳಗ್ಗೆ ಕಾಲುವೆಯ ದಂಡೆಯ ಮೇಲೆ ತಿರುಗಾಡಿ ಬರುವನು. ಎರಡು ಸಲ ಮನೆಯ ಪಾತ್ರೆಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿಟ್ಟ. ಕೆಳಮನೆಯವರು ದೂರು ಹೇಳಿದರು. ಬುರುಲ್ ಅವರ ಜೊತೆ ಜಗಳವಾಡಿದಳು, ಆಮೇಲೆ ಬೊರ್ಸೊಕ್ ಕೊಟ್ಟು ಬಂದಳು.

ಲೆಕ್ಕದಿಂದ ಹೊರಬಿದ್ದ ಹನ್ನೊಂದು ಮತ್ತು ಹನ್ನೆರಡನೆಯ ಇಲಿಗಳನ್ನು ಬುರುಲ್ ಹಟಕ್ಕೆ ಬಿದ್ದು ಪೆಟ್ಟಿಗೆಯಲ್ಲಿ ಅಳೆಸಿದಳು. ಡಾಕ್ಟರು ಹೇಳಿದಂತೆಯೇ ಆಯಿತು, ಅವು ಮೊದಲಿನಷ್ಟೇ ಕುಪ್ಪಳಿಸಿದವು. ಅಳತೆ ಮುಗಿಸಿ ಪಂಜರಕ್ಕೆ ಬಿಟ್ಟ ಮೇಲೆ ಒಂದರ ಹೊಟ್ಟೆಯಡಿ ಇನ್ನೊಂದು ಮೂತಿ ತೂರಿಸಿ ಮಲಗಿದವು. ಅದನ್ನು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ.

ನುರ್ದಿನ್ ಮೂರು ವಾರ ಕಾಣಿಸಿಕೊಳ್ಳಲಿಲ್ಲ. ನಾಲ್ಕನೆಯ ವಾರ ಒಬ್ಬನೇ ಬಂದು ಬಾಗಿಲಲ್ಲಿ ನಿಂತ. "ಅಮ್ಮಂಗೆ ಸ್ವಲ್ಪ ಟೈಮ್ ಬೇಕಂತೆ. ನಂಗೆ ಬೇಡ," ಎಂದ. ಬೇಗಿಮಾಯ್ ಅವನನ್ನು ಒಳಗೆ ಕರೆಯದೆ ಕಾಲುವೆಯ ದಂಡೆಗೆ ಕರೆದುಕೊಂಡು ಹೋದಳು, ಇಬ್ಬರೂ ಎರಡು ಗಂಟೆ ಬಿಟ್ಟು ವಾಪಸು ಬಂದರು. ಏನು ಮಾತಾಡಿಕೊಂಡರೆಂದು ತಾಯಿಗೆ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಹೆಚ್ಚು ಜನರಿಲ್ಲದ ಮದುವೆ ಆಯಿತು. ದಾಮಿರಾ ಬಂದಳು, ತನ್ನ ಕೈಯಾರೆ ಸೊಸೆಯ ಕಿವಿಗೆ ಓಲೆ ತೊಡಿಸಿದಳು. ಬುರುಲಳನ್ನು ಅಪ್ಪಿಕೊಳ್ಳಲಿಲ್ಲ. ಜಾಪರ್ ಕೂತಿದ್ದ ಮೇಜಿನ ಬಳಿ ಹೋಗಿ ಅವನ ತಟ್ಟೆಗೆ ಮಾಂಸ ಬಡಿಸಿ ಬಂದಳು.

ಇಷ್ಟಾದ ಮೇಲೂ ಬುರುಲಳ ಕಾಲುಗಳು ನಿಲ್ಲಲಿಲ್ಲ. ಆದರೆ ಈಗ ಅವಕ್ಕೊಂದು ದಾರಿ ಸಿಕ್ಕಿತ್ತು. ಡಾಕ್ಟರಿಗೆ ಬೇಕಾದ ರಕ್ತಸಂಬಂಧಿಗಳ ಗುಂಪು ಒಬ್ಬಳಲ್ಲೇ ನಿಂತುಹೋಗಿತ್ತು. ಆ ಒಬ್ಬಳು ಬುರುಲ್. ವಾರಕ್ಕೆ ಎರಡು ಮಧ್ಯಾಹ್ನ ಅವಳು ಹಳೆಯ ವಿಳಾಸಗಳ ಚೀಟಿ ಹಿಡಿದು ಬಾಗಿಲು ಬಾಗಿಲು ಅಲೆಯತೊಡಗಿದಳು. ಎಷ್ಟೋ ಬಾಗಿಲುಗಳು ಮುಖದ ಮೇಲೆ ಮುಚ್ಚಿದವು. ಒಬ್ಬ ಹೆಂಗಸು ನಾಯಿ ಬಿಟ್ಟಳು. ಹಾಗಿದ್ದೂ ನವೆಂಬರ್ ಹೊತ್ತಿಗೆ ಗುಂಪಿನಲ್ಲಿ ಹದಿನಾಲ್ಕು ಜನರಾದರು. ಅವರಲ್ಲಿ ಐವರು ಆಸ್ಪತ್ರೆಗೆ ಬರುವಾಗ ಮನೆಯೊಳಗೆ ಮುಚ್ಚಿಟ್ಟಿದ್ದವರನ್ನೂ ಕರೆತಂದರು.

ಟೊಕ್ಮೊಕ್ ಪಟ್ಟಣದಲ್ಲಿ ಒಂದು ಮಧ್ಯಾಹ್ನ, ಮೊದಲ ಹಿಮ ಬೀಳುತ್ತಿದ್ದಾಗ, ಅವಳು ನೀಲಿ ಬಾಗಿಲೊಂದನ್ನು ತಟ್ಟಿದಳು. ಬಿಳಿಯ ತುಪ್ಪಳದ ಟೋಪಿಯ ಮುದುಕನೊಬ್ಬ ಒಂದು ಗೇಣು ಬಾಗಿಲು ತೆರೆದ. ಒಳಗೆ ಟೀವಿ ಅಬ್ಬರಿಸುತ್ತಿತ್ತು, ಅದರ ಹಿಂದೆ ಇನ್ನೇನೋ ಮುಚ್ಚಿಹೋಗುವಷ್ಟು ಜೋರಾಗಿ.

"ಆಸ್ಪತ್ರೆಯೋರಾ? ನಮ್ಮನೇಲಿ ಅಂಥೋರು ಯಾರೂ ಇಲ್ಲ, ಮಗಳೇ."

"ನಮ್ಮನೇಲೂ ಇರ್ಲಿಲ್ಲ, ಅಪ್ಪಾಜಿ," ಎಂದಳು ಬುರುಲ್. "ಇಪ್ಪತ್ತೆರಡು ವರ್ಷ ಇರ್ಲಿಲ್ಲ."

ಮುದುಕ ಅವಳ ಟೋಪಿಯ ಮೇಲೆ ಕೂತಿದ್ದ ಹಿಮವನ್ನು ನೋಡಿದ, ನಿಂತಲ್ಲೇ ಹೆಜ್ಜೆ ಬದಲಿಸುತ್ತಿದ್ದ ಕಾಲುಗಳನ್ನು ನೋಡಿದ. ಒಳಗೆ ಹೋಗಿ ಟೀವಿಯ ದನಿ ತಗ್ಗಿಸಿದ. ಹಿಂದಿನ ಕೋಣೆಯಿಂದ ಹೆಂಗಸೊಬ್ಬಳು ಯಾರೊಂದಿಗೋ ಸಣ್ಣಗೆ ವಾದಿಸುತ್ತಿರುವುದು ಕೇಳಿಸಿತು. ಮುದುಕ ವಾಪಸು ಬಂದು ಬಾಗಿಲನ್ನು ಪೂರ್ತಿ ತೆರೆದ.

"ಚಪ್ಪಲಿ ಅಲ್ಲೇ ಬಿಡು," ಎಂದ. "ಚಹಾ ಇದೆ."